ಎಡಗಡಿ ಹುಡುಗಿ ಮ್ಯಾಲ ಹೊರಿಸಿದ ಗೋಲು

ಮೊನ್ನೆ ನಮ್ಮ ರೋಣದ ಹುಡುಗ್ಯಾರು ಫುಟ್ಬಾಲಿನ್ಯಾಗ ಗಜೇಂದ್ರಗಡದವರ ಕೈಯಾಗ ಸೋತ್ರು. ಅವರದು ಎರಡು ಗೋಲು, ನಮ್ಮದು ಒಂದು. ಸೋತದ್ದಕ್ಕ ನನಗ ಅಷ್ಟೇನೂ ಸಂಕಟ ಆಗಲಿಲ್ಲ. ಸೋತ್ವಿ ನೋಡು ಅಂತ ಹೇಳಾಕ ಮಗ್ಗಲಕ ಯಾರೂ ಇರಲಿಲ್ಲಲ್ಲ, ಅದಕ್ಕ ಆತು.

ಮಗ್ಗಲಕ ಇರಬೇಕಾದಾಕಿ ನನ್ನ ನೆಗೆಣ್ಣಿ, ಮೈದುನನ ಹೇಂತಿ. ಒಂದ ಮನ್ಯಾಗ, ಒಂದ ಒಲಿ ಮುಂದ ಜಗಳ ಆಡಕೋತ ಮುದುಕ್ಯಾರಾದವ್ರು ನಾವು. ಹೋದ ವರ್ಷ ಆಕಿ ಕಿವಿ ಪೂರಾ ಹೋದ್ವು. ಮಗಳು ಬಂದು ನರಗುಂದಕ್ಕ ತನ್ನ ಮನಿಗೆ ಕರಕೊಂಡು ಹೋದ್ಲು. ಫೋನ್ ಮಾಡಿದ್ರ ಆಕಿಗೆ ಕೇಳಂಗಿಲ್ಲ. ಅದಕ್ಕ ನಾ ಫೋನಿನ್ಯಾಗ ಬರಿಯೂದು ಕಲತೆ. ಸೊಸಿ ಕಲಿಸಿದ್ಲು. "ಅತ್ತಿ, ಬಟ್ಟು ಮೆಲ್ಲಕ ಇಡ್ರಿ, ಶಂಡಗಿ ಒತ್ತಿದಂಗ ಒತ್ತಬ್ಯಾಡ್ರಿ" ಅಂತ ದಿನಾ ಬೈಯ್ತಾಳ.

ನಮಗ ಫುಟ್ಬಾಲ್ ಹಚ್ಚಿದ್ದೂ ಶಂಡಗಿನ. ಮನಿ ಹಿಂದ ಸಾಲಿ ಮೈದಾನ ಐತಿ. ಬ್ಯಾಸಗ್ಯಾಗ ಅದರ ದಂಡಿಗೆ ಹಳೇ ಸೀರಿ ಹಾಸಿ ಶಂಡಗಿ ಒಣಗಸ್ತಿದ್ವಿ. ಒಂದಿನ ಹುಡುಗ್ಯಾರ ಚಂಡು ಹಾರಿ ಬಂದು ನಟ್ಟನಡುವ ಬಿತ್ತು. ನಾ ಅದನ್ನ ಸೆರಗಿನ್ಯಾಗ ಮುಚಗೊಂಡು ಕುಂತೆ. ಆಟ ಕಲಸೂ ಸರ್ ಓಡಿ ಬಂದ್ರು.

"ಅವ್ವಾರ, ಚಂಡು ಕೊಡ್ರಿ."

"ಇದನ್ನ ಹ್ಯಾಂಗ ಆಡ್ತಾರ ಹೇಳ್ರಿ. ತಿಳದ್ರ ಕೊಡ್ತೀನಿ, ತಿಳೀಲಿಲ್ಲಂದ್ರ ಇಲ್ಲ."

ಪಾಪ, ಆ ಮನಶ್ಯಾ ಮಣಕಾಲೂರಿ ಕುಂತು ಶಂಡಗಿನ ಸಾಲ ಹಚ್ಚಿ ತಿಳಿಸಿದ. ಇಕಿ ಗೋಲ್ ಕಾಯಾಕಿ, ಇವರು ಹಿಂದ ನಿಂತು ತಡಿಯಾವ್ರು, ಇವರು ಮುಂದ ಓಡಾವ್ರು. ನೆಗೆಣ್ಣಿ ಎಲ್ಲಾ ಕೇಳಿಕೊಂಡು ಹಿಂದಿನ ಸಾಲಿನ ಎಡಗಡಿ ಶಂಡಗಿ ಎತ್ತಿ ಬಾಯಾಗ ಹಾಕ್ಕೊಂಡ್ಲು. "ಇಕಿ ನನ್ನಾಕಿ" ಅಂದ್ಲು. ಅವತ್ತಿಂದ ಎಡಗಡಿ ತಡಿಯಾಕ ಯಾವ ಹುಡುಗಿ ಬರ್ಲಿ, ಆಕಿ ನೆಗೆಣ್ಣಿ ಹುಡುಗಿ. ಗೋಲ್ ಕಾಯಾಕಿ ನನ್ನಾಕಿ. ಈಗಿನಾಕಿ ಜಕ್ಕಲಿಯಿಂದ ಬರ್ತಾಳ. ಉದ್ದನ್ನ ಕೈ, ಒಂದ ಬಟ್ಟಲ ಎಣ್ಣಿ ಬಡದ ಜಡಿ.

ಆಟ ನೋಡಾಕ ನಮ್ಮದೊಂದು ರೂಢಿ ಇತ್ತು. ಇಬ್ರೂ ಕೂಡಿ ಹೊಲಿದ ಕೌದಿ ಹಾಸಿ ನಮ್ಮ ಗೋಲಿನ ಹಿಂದ ಕುಂದರೂದು. ಅರ್ಧ ಆಟ ಆದಮ್ಯಾಲ ಎರಡೂ ಕಡೆದವರು ಜಾಗಾ ಬದಲಿ ಮಾಡ್ತಾರಲ್ಲ, ಆಗ ಕೌದಿದು ಆ ಕಡಿ ಚುಂಗು ಆಕಿ, ಈ ಕಡಿ ಚುಂಗು ನಾ ಹಿಡದು, ನಡುವ ಚುರುಮುರಿ ಡಬ್ಬಿ, ನೀರಿನ ತಂಬಿಗಿ ಇಟ್ಟು, ತೊಟ್ಟಲ ಎತ್ತಿದಂಗ ಎತಗೊಂಡು ಮೈದಾನದ ಇನ್ನೊಂದು ತುದಿಗೆ ಹೋಗೂದು. "ಅಜ್ಜ್ಯಾರ ಮೆರವಣಿಗಿ ಬಂತು" ಅಂತ ಹುಡುಗ್ಯಾರು ಚಪ್ಪಾಳಿ ಹೊಡೀತಿದ್ರು.

ಮೊನ್ನೆ ಮೊದಲನೇ ಸಲ ಒಬ್ಬಾಕಿನ ಹೋಗಿ ಕೌದಿ ಹಾಸಿದೆ. ಭಾಳ ಅಗಲ ಅನಿಸ್ತು. ನಮ್ಮ ಆಟ ಏನ ಹೇಳ್ಲಿ? ಮುಂದ ಓಡೂ ಮೂವರೂ ಒಂದ ಚಂಡಿನ ಬೆನ್ನ ಹತ್ತತಾರ, ನಳಾ ಬಂದಾಗ ಕೊಡ ಹಿಡದು ಓಡಿದಂಗ. ನಡುವ ಆಡಾಕಿ ಕಾಲಿಗೆ ಚಂಡು ಸಿಕ್ರ ಯಾರಿಗೂ ಕೊಡಂಗಿಲ್ಲ, ತವರಮನಿಯಿಂದ ತಂದಾಕಿ ಹಂಗ ಇಟಗೋತಾಳ. ಗಜೇಂದ್ರಗಡದವ್ರು ಒಬ್ಬರಿಗೊಬ್ರು ಕೊಟ್ಟು ಇಸಗೊಂಡು ಆಡಿದ್ರು, ಚಂದ ಆಡಿದ್ರು. ಒಂದು ಚಂಡು ಮೆತ್ತಗ ಉರುಳಿಕೋತ ನನ್ನ ಜಕ್ಕಲಿ ಹುಡುಗಿ ಕಡೆ ಬಂತು. ಹಿಡದ್ಲು. ಹಿಡದಾಕಿ ಬಿಟ್ಲು. ಅದು ಆಕಿ ಕಾಲಾಗಿಂದ ಹಾದು ನನ್ನ ಕೌದಿ ಮುಂದಿನ ಗೋಲಿನ ಬಲಿಗೆ ಬಿತ್ತು. ಆಕಿ ತಿರುಗಿ ನನ್ನ ನೋಡಿದ್ಲು. "ಇರ್ಲಿ ಬಿಡವಾ" ಅಂದೆ. ಮತ್ತೇನ ಅನ್ಲಿ?

ಅರ್ಧ ಆಟ ಆತು. ಒಬ್ಬಾಕಿ ಕೌದಿ ಎತ್ತೀನಂದ್ರ ತಂಬಿಗಿ ಉರುಳತೈತಿ. ಎರಡ ಸಲ ನೋಡಿದೆ, ಬಿಟ್ಟೆ. ಇದ್ದಲ್ಲೆ ಕುಂತೆ. ಈಗ ನನ್ನ ಮುಂದಿನ ಗೋಲು ಗಜೇಂದ್ರಗಡದವರದು. ಇಷ್ಟು ವರ್ಷದಾಗ ನಮ್ಮವರು ಗೋಲು ಹೊಡಿಯೂದನ್ನ ಸಮೀಪದಿಂದ ನಾವು ನೋಡಿದವ್ರ ಅಲ್ಲ. ಮೊನ್ನೆ ನೋಡಿದೆ. ಎಡಗಡಿ ಹುಡುಗಿ ಹಿಂದಿಂದ ಒಬ್ಬಾಕಿನ ಚಂಡು ತಗೊಂಡು ಬಂದ್ಲು, ಇಬ್ಬರನ್ನ ದಾಟಿದ್ಲು, ಎಡಗಾಲಿಲೆ ಹೊಡದ್ಲು. ಬಲಿ ಜಗ್ಗಿ ನನ್ನ ಮಾರಿ ಮುಂದ ಬಂತು. ನಾ ಖುಷಿಲೆ "ನಿನ್ನಾಕಿ ಹೊಡದ್ಲಲ್ಲ!" ಅಂತ ನೆಗೆಣ್ಣಿ ತೊಡಿಗೆ ಒಂದ ಏಟು ಕೊಟ್ಟೆ. ಕೈ ಚುರುಮುರಿ ಡಬ್ಬಿಗೆ ಬಡೀತು.

ಆಮ್ಯಾಲ ಆ ತುದ್ಯಾಗ ನಮ್ಮ ಮ್ಯಾಲ ಇನ್ನೊಂದು ಗೋಲು ಆತು. ನನಗ ಬರೇ ಧೂಳಿ ಕಾಣಿಸ್ತು.

ಮನಿಗೆ ಬಂದು ಫೋನ್ ಹಿಡದೆ. ಆಕಿ ಹೋದಮ್ಯಾಲ ಆದ ಮೊದಲಿನ ಮೂರೂ ಆಟ ಮನಿ ಹಿಂದ ನಿಂತು ನೋಡಿ, ಖರೇ ಖರೇ ಬರದು ಕಳಿಸಿದ್ದೆ. ಮೂರಕ್ಕೂ ಕೈ ಮುಗದ ಚಿತ್ರ ಬಂದಿತ್ತು. ನನ್ನ ನೆಗೆಣ್ಣಿ ಹಬ್ಬ ಬಿಟ್ರ ನನಗ ಕೈ ಮುಗದಾಕಿ ಅಲ್ಲ. ಅವು ಮಗಳ ಕೈ. ನೆಗೆಣ್ಣಿ ತಾ ಓದ್ತಾಳೋ ಇಲ್ಲೋ, ಫುಟ್ಬಾಲ್ ಇನ್ನ ನೆನಪೈತೋ ಇಲ್ಲೋ, ನಾ ನೆನಪದೀನೋ ಇಲ್ಲೋ, ಆ ಚಿತ್ರದಾಗ ಹ್ಯಾಂಗ ತಿಳೀಬೇಕು? ಜಗಳ ತಗದ್ರ ಮಾತ್ರ ತಿಳಿಯೂದು. ಅದಕ್ಕ ಸುಳ್ಳು ಬರದೆ. ಚಾದ ಹೊತ್ತಿಗೆ ಕುಂತಾಕಿ ದೀಪ ಹಚ್ಚೂತನಕ ಬರದೆ.

"ನಿನ್ನ ಎಡಗಡಿ ಹುಡುಗಿ ಗೊಂಬಿ ನಿಂತಂಗ ನಿಂತಿದ್ಲು. ಎರಡೂ ಗೋಲು ಆಕಿ ಕಡಿಯಿಂದನ ಹೋದ್ವು. ನನ್ನ ಜಕ್ಕಲಿ ಹುಡುಗಿ ಏನ ಮಾಡ್ಯಾಳು."

ಎದುರಿಗೇ ಗೋಲು ಹೊಡದ ಹುಡುಗಿ ಮ್ಯಾಲ ಹಿಂಗ ಹೊರಿಸಿದೆ. ಆಕಿ ಎದುರಿಗೆ ಬಂದ್ರ ಮಾರಿ ತೋರಸಾಕ ಆಗಂಗಿಲ್ಲ ನನಗ.

ಮರದಿನ ಮುಂಜಾನೆ ರೊಟ್ಟಿ ಬಡಿಯುವಾಗ ಫೋನ್ ಗುಂಯ್ ಅಂತು. ಹಿಟ್ಟಿನ ಕೈಲೆ ನೋಡಿದೆ. ಚಿತ್ರ ಇರಲಿಲ್ಲ.

"ಸುಳ್ಳ. ನಿನ್ನಾಕಿ ಕೈಯಾಗಿಂದ ಜಾರಿರಬೇಕು. ಎಣ್ಣಿ ಕೈ ಒರಸಂಗಿಲ್ಲ ಆಕಿ."

ನಾ ಎಷ್ಟು ನಕ್ಕೆ ಅಂದ್ರ ಮಗ ಒಳಗ ಓಡಿ ಬಂದ. "ಏನಾತಬೇ ಯವ್ವಾ?"

"ನಿಮ್ಮ ಚಿಗವ್ವ ಬೈದ್ಲೋ" ಅಂದೆ. ಅವಗ ತಿಳೀಲಿಲ್ಲ. ಅಂಗಡಿಗೆ ಹೊಂಟ.

ಹೌದು ಜಾರಿತು ಅಂತ ಒಪ್ಪಿಕೋಬೇಕಿತ್ತು. ಒಪ್ಪಿದ್ರ ಆಕಿ ಗೆದ್ದಂಗ. ಗೆದ್ದ ಮ್ಯಾಲ ಆಕಿ ಮಾತ ಮುಗಸಿ ಮಕ್ಕೊಂಬಿಡ್ತಾಳ, ನನಗ ಗೊತ್ತಿಲ್ಲೇನು? ಅದಕ್ಕ ಮತ್ತ ಬರದೆ. "ನೀ ಬಂದು ನೋಡಿದ್ದೇನು?"

ಎರಡು ಗೆರಿ ನೀಲಿ ಆದ್ವು. ಆ ಕಡೆದವರು ಬರಿಯಾಕತ್ರ ಫೋನಿನ ಮ್ಯಾಲ ಸಣ್ಣ ಅಕ್ಷರ ಬರ್ತಾವು ಅಂತ ಸೊಸಿ ಹೇಳಿದ್ಲು. ಬಂದ್ವು. ಹೋದ್ವು. ಮತ್ತ ಬಂದ್ವು. ಆಕಿಗೂ ಒಂದೊಂದ ಅಕ್ಷರ ಹುಡುಕಬೇಕಲ್ಲ. ನಾ ಒಲಿ ಮುಂದ ಹಂಗ ನೋಡಕೋತ ಕುಂತೆ. ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತಿತ್ತು, ಹೊತ್ತಲಿ ಅಂತ ಬಿಟ್ಟೆ.