ಶೀನ ಮಾಷ್ಟ್ರ ಒಡೆಯದ ಸಂಖ್ಯೆ

ಸಕ್ಕರೆ ಕಾಯಿಲೆಯಿಂದ ಕೊಳೆತ ಬಲಗಾಲಿನ ಹೆಬ್ಬೆರಳು ಕತ್ತರಿಸಿಕೊಂಡು ಕುಂದಾಪುರದ ಆಸ್ಪತ್ರೆಯಿಂದ ಬಂದ ದಿನವೇ ಶೀನ ಮಾಷ್ಟ್ರು ಜಗಲಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 73939133 ಎಂದು ಬರೆದರು. ಬರೆದು, ಕೊನೆಯ ಮೂರನ್ನು ಅಂಗೈಯಿಂದ ಒರೆಸಿದರು.

"ಹ್ವಾಯ್ ರಘು, ಇಲ್ಕಾಣ್. ಇದ್ ಅವಿಭಾಜ್ಯ, ಯಾವ್ದ್ರಿಂದ್ಲೂ ಒಡಿತಿಲ್ಲೆ. ಕಡೆಯಿಂದ ಒಂದೊಂದೇ ಅಂಕಿ ತೆಗಿತಾ ಬಾ, ಉಳ್ದದ್ದೂ ಒಡಿತಿಲ್ಲೆ. ಹೀಂಗಿಪ್ಪ ಸಂಖ್ಯೆಯಲ್ಲೆಲ್ಲ ಇದೇ ದೊಡ್ಡದ್. ಒಂದ್ ಬೆರಳ್ ಹೋರೆ ಎಂತ ಆತ್?"

ನಾವುಂದದ ಮೀನುಗಾರರ ಮನೆಯಲ್ಲಿ ಹುಟ್ಟಿ ಹೈಸ್ಕೂಲಿನ ಗಣಿತದ ಮಾಷ್ಟ್ರಾದವರು. ಬಸ್ಸಿನ ನಂಬರಿರಲಿ, ದೋಣಿಯ ನಂಬರಿರಲಿ, ಕಣ್ಣಿಗೆ ಬಿದ್ದರೆ ಒಡೆದು ನೋಡದೆ ಬಿಡುತ್ತಿರಲಿಲ್ಲ. ಅವರ ಕ್ಲಾಸಿನಲ್ಲಿ ನಾನು ಎಷ್ಟು ಸರಿಯಾಗಿ ಲೆಕ್ಕ ಮಾಡಿದರೂ "ಮತ್ತೊಂದ್ ಸಲ ಮಾಡ್" ಎನ್ನುತ್ತಿದ್ದರೇ ಹೊರತು ಒಮ್ಮೆಯೂ 'ಸರಿ' ಎಂದವರಲ್ಲ. ಊರಿಗೇ ಒಂದು ದಾರಿಯಾದರೆ ಇವರಿಗೇ ಒಂದು ದಾರಿ.

"ಮೊದಲಿನ ಏಳು ತೆಗೆದರೆ?" ಎಂದು ಕೇಳಿದೆ, ಸುಮ್ಮನೆ ಕೆಣಕಲು.

"ಅದ್ ತೆಗುಕಾಗ. ತೆಗ್ದ್ರೆ ಹದಿಮೂರಕ್ಕೆ ಒಡಿತ್. ಏಳ್ ಅಂದ್ರೆ ನಮ್ಮ ಗಿರ್ಜೆ."

ಅವರ ಹೆಂಡತಿ ಗಿರ್ಜಕ್ಕ ಬೆಳಿಗ್ಗೆ ಮೀನು ಮಾರಿ ಬಂದು, ಸೋಪಿನಲ್ಲಿ ಕೈ ತೊಳೆದು, ಗಾಯಕ್ಕೆ ಹೊಸ ಬಟ್ಟೆ ಕಟ್ಟುತ್ತಿದ್ದಳು. ತಲೆ ಎತ್ತದೆಯೇ, "ಮೊದ್ಲ್ ಆ ಸಕ್ರಿ ಚಾ ಬಿಡಿ, ಮತ್ತ್ ಲೆಕ್ಕ ಮಾಡಿ" ಎಂದಳು.

ಚಹಾ ಬಿಡಲಿಲ್ಲ. ಉಳಿದ ಬೆರಳುಗಳು ಹೋದವು, ಗೋಡೆಯಲ್ಲಿ ಇನ್ನೊಂದು ಮೂರು ಅಳಿಯಿತು. ಮೊಣಕಾಲಿನ ಕೆಳಗಿನ ಕಾಲೂ ಹೋಯಿತು, ಕಡೆಯ ಒಂದೂ ಅಳಿಯಿತು. ನನ್ನ ರಿಕ್ಷಾದಲ್ಲೇ ಅವರನ್ನು ಕರೆತಂದದ್ದು. ಇಳಿಯುವ ಮೊದಲೇ, "73939. ಇನ್ನೂ ಒಡಿಲಿಲ್ಲೆ ಮರಾಯಾ" ಎಂದು ನಕ್ಕರು. ನನಗೆ ಸಿಟ್ಟೇ ಬಂತು. ಕಾಲು ಕಳಕೊಂಡವನಿಗೆ ಇಷ್ಟು ಜಂಬವೇ ಅನಿಸಿತು. ಈಗ ಆ ಜಂಬ ಮತ್ತೊಮ್ಮೆ ಕೇಳಬೇಕೆಂದು ಜೀವ ಹಂಬಲಿಸುತ್ತದೆ.

ಕಳೆದ ಬೇಸಿಗೆಯಲ್ಲಿ ಗಿರ್ಜಕ್ಕ ಮೀನಿನ ಬುಟ್ಟಿ ಹೊತ್ತು ಹೆದ್ದಾರಿ ದಾಟುವಾಗ ಲಾರಿ ಬಡಿಯಿತು. ರಸ್ತೆಯ ತುಂಬ ಬಂಗುಡೆ ಚೆಲ್ಲಿತ್ತು.

ಆಮೇಲೆ ಮಾಷ್ಟ್ರು ಎಡಗಾಲಿನಲ್ಲೂ ಎದ್ದ ಗಾಯವನ್ನು ಯಾರಿಗೂ ಮುಟ್ಟಗೊಡಲಿಲ್ಲ. ಪಾದ ಕಪ್ಪಾಯಿತು. ತಡಮಾಡದೆ ಕತ್ತರಿಸಿದರೆ ಜೀವ ಉಳಿದೀತು ಎಂದರು ಡಾಕ್ಟರು. ಜಗಲಿಯೆದುರು ರಿಕ್ಷಾ ನಿಲ್ಲಿಸಿ ಕಾಲಿಗೆ ಬಿದ್ದು ಬೇಡಿಕೊಂಡೆ. "ಗೋಡೆ ನೋಡಿ ಮಾಷ್ಟ್ರೇ, ಇನ್ನೂ 73939 ಇತ್ತಲೆ! ಒಡಿತಿಲ್ಲೆ ಅಂದವ್ರ್ ನೀವೇ ಅಲ್ದಾ?"

ಅವರು ತೆವಳುತ್ತಾ ಗೋಡೆಯ ಹತ್ತಿರ ಹೋದರು. ಮೊದಲಿನ ಏಳನ್ನು ಹೆಬ್ಬೆಟ್ಟಿನಿಂದ ಉಜ್ಜಿ ಉಜ್ಜಿ ಅಳಿಸಿದರು.

"ಈಗ ಹೇಳ್."

3939. ಅಂಕಿಗಳನ್ನು ಕೂಡಿಸಿದರೆ ಸಾಕು, ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. "ಮೂರಕ್ಕೇ ಒಡಿತ್, ಮಾಷ್ಟ್ರೇ."

"ಸರಿ" ಎಂದರು. ಅವರ ಬಾಯಿಂದ ನಾನು ಆ ಮಾತು ಕೇಳಿದ್ದು ಅದೊಂದೇ ಸಲ. ರಿಕ್ಷಾವನ್ನು ಖಾಲಿಯೇ ತಿರುಗಿಸಿಕೊಂಡು ಬಂದೆ.