ತುಟಿ ಟೀಚರ್‌ಗೆ ಹಾಕಿದ ತೆಳು ಸ್ಕ್ರೂ

ನನ್ನ ಚಿಕ್ಕಮ್ಮನನ್ನು ಶಾಲೆಯಲ್ಲಿ ಎಲ್ಲರೂ ತುಟಿ ಟೀಚರ್ ಎನ್ನುತ್ತಿದ್ದರು. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಕೆಲಸ ಅವಳದು. ಮಕ್ಕಳು ಮೊದಲು ಅವಳ ಬಾಯಿ ನೋಡಬೇಕು, ಆಮೇಲೆ ಕನ್ನಡಿಯಲ್ಲಿ ತಮ್ಮ ಬಾಯಿ. ಎರಡೂ ಒಂದೇ ಥರ ಆಗುವವರೆಗೆ ಅವಳು ಬಿಡುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಹೀಗೆ ಬಾಯನ್ನೇ ಬಂಡವಾಳ ಮಾಡಿಕೊಂಡವಳಿಗೆ ಒಸಡಿನ ರೋಗ ಹತ್ತಿ ಕೆಳಗಿನ ಹಲ್ಲೆಲ್ಲ ಉದುರಿದವು.

ಕಟ್ಟಿಸಿಕೊಂಡ ಹಲ್ಲುಸೆಟ್ಟು ಮಾತಿಗೊಮ್ಮೆ ಎದ್ದು ಕುಣಿಯುತ್ತಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಜೊತೆಯ ಟೀಚರುಗಳು ರೇಗಿಸಿದರೆ ಅವಳೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆದರೆ ಗುಬ್ಬಿಯ ಚಿಂತೆ ಅವಳನ್ನು ತಿನ್ನುತ್ತಿತ್ತು. ಗುಬ್ಬಿ ಅವಳ ತರಗತಿಯ ಒಂಬತ್ತು ವರ್ಷದ ಹುಡುಗಿ. ಆ ಶಾಲೆ ನಾಲ್ಕನೆಯ ತರಗತಿಗೇ ಮುಗಿಯುತ್ತದೆ. ಮುಂದೆ ಓದಬೇಕೆಂದರೆ ದೊಡ್ಡ ಶಾಲೆಯ ಹೆಡ್‌ಮಾಸ್ಟರ್ ಎದುರು ಬಾಯಿಬಿಟ್ಟು ಉತ್ತರ ಕೊಡಬೇಕು. ಹತ್ತು ತುಂಬಿದ ಮೇಲೆ ಸೇರಿಸಿಕೊಳ್ಳುವುದಿಲ್ಲ. ಉಳಿದಿದ್ದದ್ದು ಆರೇ ತಿಂಗಳು.

ದವಡೆಯ ಮುಂಭಾಗದಲ್ಲಿ ಎರಡು ಸ್ಕ್ರೂ ಕೂರಿಸಿ, ಸೆಟ್ಟನ್ನು ಗುಂಡಿಯ ಹಾಗೆ ಒತ್ತಿ ಸಿಕ್ಕಿಸಬಹುದು ಎಂದರು ಹಲ್ಲಿನ ಡಾಕ್ಟರು. ದಪ್ಪ ಸ್ಕ್ರೂ ಆದರೆ ಕಚ್ಚುವ ಭಾರ ಮೂಳೆಗೆ ಹಂಚಿಹೋಗುತ್ತದೆ. ಆದರೆ ಅವಳ ಮೂಳೆ ಸವೆದು ಕಿರಿದಾಗಿತ್ತು. ಮೊದಲು ಮೂಳೆ ತುಂಬಿಸಿ ಎಂಟು ತಿಂಗಳು ಕಾಯಬೇಕು. ತೆಳು ಸ್ಕ್ರೂ ಈಗಲೇ ಹಾಕಬಹುದು, ಆದರೆ ಭಾರವೆಲ್ಲ ಅದರ ಕುತ್ತಿಗೆಯ ಸುತ್ತಲಿನ ಮೂಳೆಗೇ ಬೀಳುತ್ತದೆ. ಹಾಗಾದರೆ ತೆಳ್ಳಗಿನದರಲ್ಲೇ ಉದ್ದದ್ದು ಹಾಕಿ ಎಂದು ಚಿಕ್ಕಮ್ಮ ಚೌಕಾಸಿಗೆ ಇಳಿದಳು.

"ಉದ್ದ ಹಾಕಿದ್ರೆ ದಪ್ಪದ ಕೊರತೆ ತುಂಬಲ್ಲಮ್ಮ. ಬಿಗಿಯಾಗಿ ಕಚ್ಚಿದ್ರೆ ಸುತ್ತಲಿನ ಮೂಳೆ ಕರಗಿ ಹೋಗತ್ತೆ," ಎಂದರು ಡಾಕ್ಟರು.

ಅವಳು ತೆಳುವನ್ನೇ ಹಾಕಿಸಿಕೊಂಡಳು. ನಾನು ತಲೆ ಚಚ್ಚಿಕೊಂಡೆ, ಕೇಳುವವರು ಯಾರು?

ಎರಡು ತಿಂಗಳು ಚೆನ್ನಾಗಿ ನಡೆಯಿತು. ಆದರೆ ಹಲ್ಲು ಬಿಗಿಹಿಡಿಯದೆ ಅಕ್ಷರ ಬಿಡಿಸಿ ಹೇಳುವುದು ಅವಳಿಗೆ ಬರಲೇ ಇಲ್ಲ. ಮೂರನೆಯ ತಿಂಗಳು ಎಡಗಡೆಯ ಸ್ಕ್ರೂ ಅಲುಗಿತು, ನಾಲ್ಕನೆಯ ತಿಂಗಳು ಕೈಗೇ ಬಂತು. ಗಾಯ ಮಾಯುವವರೆಗೆ ಸೆಟ್ಟು ಮುಟ್ಟಬೇಡಿ ಎಂದು ಡಾಕ್ಟರು ಗದರಿದರು. ಅವಳು ಮರುದಿನವೇ ಹಾಕಿಕೊಂಡು ಶಾಲೆಗೆ ಹೋದಳು. ಒಂಟಿ ಸ್ಕ್ರೂ ಮೇಲೆ ಸೆಟ್ಟು ವಾಲುತ್ತಿತ್ತು. ಅದನ್ನು ನಾಲಿಗೆಯಿಂದ ಅದುಮಿ, ದವಡೆಯನ್ನು ಎಡಕ್ಕೆ ಸರಿಸಿ, ನೋವು ನುಂಗಿಕೊಂಡು ಪಾಠ ಮಾಡಿದಳು. ಟವೆಲ್ಲಿನಲ್ಲಿ ರಕ್ತ ಕಂಡು ನಾನು ಬೈದರೆ, ಇನ್ನೆರಡು ತಿಂಗಳು ತಾನೆ ಎನ್ನುತ್ತಿದ್ದಳು. ಅವಳ ಹಟ ನೋಡಿ ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬರುತ್ತಿತ್ತು.

ಹೆಡ್‌ಮಾಸ್ಟರ್ ಕರೆದ ದಿನ ಚಿಕ್ಕಮ್ಮ, ಗುಬ್ಬಿ, ನಾನು ಮೂವರೂ ದೊಡ್ಡ ಶಾಲೆಗೆ ಹೋದೆವು. ಹೆಡ್‌ಮಾಸ್ಟರ್ ಒಳ್ಳೆಯವರೇ. ಮುಖ ಕಾಣುವಂತೆ ಕೂತು, ಬೆಳಿಗ್ಗೆ ಏನು ಕುಡಿದೆ ಎಂದು ನಿಧಾನವಾಗಿ ಕೇಳಿದರು. ಗುಬ್ಬಿಗೆ ತಕ್ಷಣ ಅರ್ಥವಾಯಿತು.

"ಹಾವು," ಎಂದಳು.

ಪಕ್ಕದಲ್ಲಿ ಕೂತಿದ್ದ ಗುಮಾಸ್ತ ಕಿಸಕ್ಕೆಂದ. ಇನ್ನೊಮ್ಮೆ ಕೇಳಿದರೂ ಹಾವೇ. ಹಾಲು ಎನ್ನಲು ನಾಲಿಗೆ ಮೇಲೇಳಬೇಕು. ಗುಬ್ಬಿಯ ನಾಲಿಗೆ ಕೆಳದವಡೆಗೆ ಅಂಟಿಕೊಂಡಿತ್ತು, ದವಡೆ ಎಡಕ್ಕೆ ಸೊಟ್ಟಗಾಗಿತ್ತು. ಆರು ತಿಂಗಳ ಹಿಂದೆ ಇದೇ ಹುಡುಗಿ ಹಾಲನ್ನು ಹಾಲು ಎಂದೇ ಹೇಳುತ್ತಿದ್ದಳು. ಮಕ್ಕಳ ಎಂಥ ತೊದಲನ್ನೂ ಸರಿಮಾಡಿ ಕೇಳಿಸಿಕೊಂಡು ಪಳಗಿದ ಚಿಕ್ಕಮ್ಮನ ಕಿವಿಗೆ ಈ ಬದಲಾವಣೆ ಬಿದ್ದಿರಲಿಲ್ಲ. ಕನ್ನಡಿಯಲ್ಲಂತೂ ಇಬ್ಬರ ಬಾಯೂ ಒಂದೇ ಥರ ಕಾಣುತ್ತಿತ್ತು.

ಚಿಕ್ಕಮ್ಮ ಧಡಕ್ಕನೆ ಎದ್ದು ಏನೋ ಹೇಳಹೋದಳು. ಸೆಟ್ಟು ಕಳಚಿ ಅಂಗೈಗೆ ಬಿತ್ತು. ಬರೀ ಒಸಡಿನಲ್ಲೇ ಎರಡು ಸಲ ಹೇಳಿದಳು. ಹೆಡ್‌ಮಾಸ್ಟರ್ ಒಂದಕ್ಷರವೂ ತಿಳಿಯದೆ ನನ್ನ ಮುಖ ನೋಡಿದರು.

"ಅದು ಮಗು ಬಾಯಲ್ಲ ಸಾರ್, ನನ್ನ ಬಾಯಿ ಅಂತಿದ್ದಾರೆ," ಎಂದೆ.

ಅವರು ಗುಬ್ಬಿಯ ಅರ್ಜಿಯನ್ನು ಪಕ್ಕಕ್ಕಿಟ್ಟು, ಮುಂದಿನ ಮಗುವನ್ನು ಕಳಿಸಲು ಹೇಳಿದರು.

ಪಡಸಾಲೆಗೆ ಬಂದ ಕೂಡಲೇ ಗುಬ್ಬಿ ಚಿಕ್ಕಮ್ಮನ ಕೈ ಜಗ್ಗಿ, ಪಾಸಾದೆನಾ ಎಂದು ಸನ್ನೆ ಮಾಡಿದಳು. ಉತ್ತರಕ್ಕಾಗಿ ಅವಳ ತುಟಿಯನ್ನೇ ನೋಡುತ್ತ ನಿಂತಳು. ಚಿಕ್ಕಮ್ಮ ಬಾಯಿ ತೆರೆಯಲಿಲ್ಲ.