ಚುಚ್ಚುವ ಮುನ್ನ ಒಂದು ಪ್ರಶ್ನೆ

ಬೆಳಗಿನ ಐದೂವರೆ. ಏಳನೇ ಹಾಸಿಗೆಯ ಅಜ್ಜಿಯ ತೋಳಿಗೆ ರಬ್ಬರ್ ಪಟ್ಟಿ ಬಿಗಿದ ಸೂಜಿ ಅಕ್ಕ, ಪರೀಕ್ಷೆಯ ಚೀಟಿಯನ್ನು ತಿರುಗಿಸಿ ನೋಡುತ್ತಾರೆ. ಹಿಂಬದಿ ಖಾಲಿ! ಪಟ್ಟಿ ಬಿಚ್ಚಿ, ಚೀಟಿ ಬರೆದ ಡಾಕ್ಟರನ್ನು ಕೂಗುತ್ತಾರೆ. ತರಬೇತಿಯಲ್ಲಿರುವ ಹುಡುಗಿ ಆಕಳಿಸುತ್ತ ಬರುತ್ತಾಳೆ.

"ಡಾಕ್ಟ್ರಮ್ಮ, ಇದೇ ಪರೀಕ್ಷೆ ನಿನ್ನೆ ಸರಿಯಾಗೇ ಬಂದಿದೆ. ಇವತ್ತು ಮತ್ತೆ ಯಾಕೆ?"

"ದಿನಾ ಬರೀತೀವಲ್ಲ ಅಕ್ಕಾ..."

"ಅಜ್ಜಿ ತೋಳು ನೋಡಿ, ಹೆಂಗೆ ಕಪ್ಪುಗಟ್ಟಿದೆ."

ಹುಡುಗಿ ನಾಲಿಗೆ ಕಚ್ಚಿಕೊಂಡು ಚೀಟಿ ಹರಿಯುತ್ತಾಳೆ. "ನಿನ್ ಹೊಟ್ಟೆ ತಣ್ಣಗಿರ್ಲಿ ಕಣೇ" ಎಂದು ಅಕ್ಕನನ್ನು ಹರಸಿ ಅಜ್ಜಿ ಮಗ್ಗುಲಾಗುತ್ತಾರೆ.

ಎಳೆಯ ವೈದ್ಯರು ಪಳಗುವ ಈ ಆಸ್ಪತ್ರೆಯಲ್ಲಿ ಸೂಜಿ ಅಕ್ಕ ರಕ್ತ ತೆಗೆಯಲು ಬಂದು ಇಪ್ಪತ್ತೆರಡು ವರ್ಷ. ಒಂಬತ್ತು ಗಂಟೆಯೊಳಗೆ ಎಪ್ಪತ್ತು ತೋಳು. ಪರೀಕ್ಷೆಯಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆಂದು ಡಾಕ್ಟರು ಚೀಟಿಯ ಹಿಂದೆ ಒಂದು ಸಾಲು ಬರೆಯಬೇಕು. ಇದು ಯಾವ ಕಚೇರಿಯ ಆದೇಶವೂ ಅಲ್ಲ, ಇವರದೇ ಕಟ್ಟಳೆ.

"ಇಲ್ಲಿ ಮೂರು ವರ್ಷ ಏನ್ ರೂಢಿಯಾಗುತ್ತೋ, ಹೊರಗೆ ಹೋಗಿ ಜೀವಮಾನವೆಲ್ಲ ಅದನ್ನೇ ಮಾಡ್ತಾರೆ. ಕಂಡಿದ್ದಕ್ಕೆಲ್ಲ ಪರೀಕ್ಷೆ ಬರೆಯೋ ಚಟ ಹತ್ತಿದ್ರೆ ರೋಗಿ ಜೇಬಿಗೂ ಕಷ್ಟ, ಮೈಗೂ ಕಷ್ಟ" ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಅವರ ಯಜಮಾನರು ದರ್ಜಿ. ಅವರ ದೂರೇ ಬೇರೆ: "ಎರಡನೇ ಲೋಟ ಕಾಫಿ ಕೇಳಿದ್ರೂ ಯಾಕೆ ಅಂತಾಳೆ ಮಾರಾಯ್ರೇ!"

ಈ ಹಟಕ್ಕೆ ಒಮ್ಮೆ ಪೆಟ್ಟೂ ಬಿದ್ದಿದೆ. ಮೊದಮೊದಲು ಖಾಲಿ ಚೀಟಿಗಳನ್ನು ಅವರು ಸುಮ್ಮನೆ ವಾಪಸ್ ಕಳಿಸಿಬಿಡುತ್ತಿದ್ದರು. ಇವರ ಬಾಯಿಗೆ ಹೆದರಿದ ಸಂಕೋಚದ ಡಾಕ್ಟರೊಬ್ಬ ಕಾರಣ ಬರೆಯುವ ಬದಲು ಪರೀಕ್ಷೆಯನ್ನೇ ಕೈಬಿಟ್ಟ. ರೋಗಿಯ ಕಿಡ್ನಿ ಸೋಲುತ್ತಿದ್ದುದು ಎರಡು ದಿನ ತಡವಾಗಿ ಗೊತ್ತಾಯಿತು.

"ಬದುಕಿಕೊಂಡ್ರು, ಪುಣ್ಯ. ಆದ್ರೆ ತಪ್ಪು ನಂದೂ ಇತ್ತು. ಕೇಳೋದು ಬೇರೆ, ತಡೆಯೋದು ಬೇರೆ." ಅಂದಿನಿಂದ ಚೀಟಿ ವಾಪಸ್ ಹೋಗುವುದಿಲ್ಲ. ಅಕ್ಕನೇ ಡಾಕ್ಟರ ಎದುರು ನಿಂತು ಕೇಳುತ್ತಾರೆ. ಅವರು ತಡವರಿಸಿದರೆ ಹಿರಿಯ ವೈದ್ಯರನ್ನು ಕರೆಯುತ್ತಾರೆ.

ಈಗ ಆ ಕಟ್ಟಳೆಗೇ ಸಂಚಕಾರ ಬಂದಿದೆ. ಸೋಮವಾರದಿಂದ ಚೀಟಿ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಹನ್ನೊಂದು ಪರೀಕ್ಷೆ ಒಟ್ಟಿಗೇ ಬರುತ್ತವೆ. ಕಾರಣ ಬರೆಯಲು ಒಂದು ಸಾಲಿನ ಜಾಗ ಇಡಿಸಿ ಎಂದು ಅಕ್ಕ ತಿಂಗಳಿಂದ ಮುಖ್ಯ ವೈದ್ಯರ ಬೆನ್ನು ಬಿದ್ದಿದ್ದಾರೆ. ನಾವು ಮಾತನಾಡುತ್ತಿರುವಾಗಲೇ ಆ ವೈದ್ಯರು ಬರುತ್ತಾರೆ.

"ಆಗಲ್ವಂತಮ್ಮ. ಎಷ್ಟು ಹೇಳಿದ್ರೂ ಕಂಪ್ಯೂಟರಿನೋರು ಒಪ್ಪಲಿಲ್ಲ."

ಅಕ್ಕನ ಮುಖ ಸಪ್ಪಗಾಗುತ್ತದೆ. ನನಗೂ ಪಿಚ್ಚೆನಿಸುತ್ತದೆ. ಅಕ್ಕ ಹೊಸ ಕೈಗವಸು ತೊಟ್ಟು ಎಂಟನೇ ಹಾಸಿಗೆಯತ್ತ ಹೊರಡುತ್ತಾರೆ.

"ಇರ್ಲಿ ಬಿಡಿ ಡಾಕ್ಟ್ರೇ. ಕಂಪ್ಯೂಟರೇನು ಬಂದು ಚುಚ್ಚಲ್ವಲ್ಲ, ಚುಚ್ಚೋಳು ನಾನೇ. ಬಾಯಲ್ಲೇ ಕೇಳ್ತೀನಿ."